ಅರೆಕ್ಷಣ ತಿರುಗಿ ನಿಲ್ಲುವ ಫ್ಯಾನು

ಪ್ರಶ್ನೆ: ಮಾನ್ಯರೇ, ನನ್ನ ಕಂಪ್ಯೂಟರಿನಲ್ಲಿದ್ದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡನ್ನು ತೆಗೆದು ಆರ್‌ಟಿಎಕ್ಸ್ 3060 ಹಾಕಿದ್ದೇನೆ. ಹಳೆಯದಕ್ಕೆ ಬೇರೆ ವಿದ್ಯುತ್ ಕೇಬಲ್ ಬೇಕಿರಲಿಲ್ಲ. ಹೊಸದಕ್ಕೆ ಎಂಟು ಪಿನ್ನಿನ ಕೇಬಲ್ ಬೇಕೆಂದು ತಿಳಿದು, ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬಂದು ಖಾಲಿ ನೇತಾಡುತ್ತಿದ್ದ, ನಾಲ್ಕು ನಾಲ್ಕಾಗಿ ಬಿಡಿಸಬಹುದಾದ ಕೇಬಲೊಂದನ್ನು ಸಿಕ್ಕಿಸಿದೆ. ಸ್ವಲ್ಪ ಬಲವಾಗಿ ಒತ್ತಬೇಕಾಯಿತು. ಈಗ ಗುಂಡಿ ಒತ್ತಿದರೆ ಫ್ಯಾನುಗಳು ಅರೆಕ್ಷಣ ತಿರುಗಿ ನಿಂತುಬಿಡುತ್ತವೆ. ಕಾರ್ಡ್ ತೆಗೆದರೆ ಎಲ್ಲವೂ ಎಂದಿನಂತೆ ನಡೆಯುತ್ತದೆ. ನನ್ನ 550 ವ್ಯಾಟಿನ ಎಸ್‌ಎಂಪಿಎಸ್ ಸಾಲದು, 750 ವ್ಯಾಟಿನದು ಕೊಳ್ಳಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಈಗಲೇ ಕೊಳ್ಳಬೇಡಿ. ತಾವು ಬರೆದಿರುವ ‘ನಾಲ್ಕು ನಾಲ್ಕಾಗಿ’ ಮತ್ತು ‘ಬಲವಾಗಿ’ ಎಂಬ ಎರಡು ಮಾತುಗಳಲ್ಲೇ ಉತ್ತರ ಬಹುಮಟ್ಟಿಗೆ ಸಿಕ್ಕಿದೆ. ನಾಲ್ಕು ನಾಲ್ಕಾಗಿ ಬೇರ್ಪಡುವ ಎಂಟು ಪಿನ್ನಿನ ಕೇಬಲ್ ಇರುವುದು ಪ್ರೊಸೆಸರಿಗಾಗಿ, ಗ್ರಾಫಿಕ್ಸ್ ಕಾರ್ಡಿಗಾಗಿ ಅಲ್ಲ. ಕಾರ್ಡಿನ ಕೇಬಲ್ ಆರು ಮತ್ತು ಎರಡಾಗಿ ಬೇರ್ಪಡುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದೆಂದೇ ಇವುಗಳ ರಂಧ್ರಗಳಲ್ಲಿ ಕೆಲವನ್ನು ಪೂರ್ಣ ಚೌಕವಾಗಿಯೂ ಕೆಲವನ್ನು ಮೂಲೆ ಕತ್ತರಿಸಿದಂತೆಯೂ ಮಾಡಿರುತ್ತಾರೆ. ಆದರೆ ಪ್ಲಾಸ್ಟಿಕ್ ಒತ್ತಡಕ್ಕೆ ಬಗ್ಗುವ ವಸ್ತುವಾದ್ದರಿಂದ ಹಟ ಹಿಡಿದು ಒತ್ತಿದರೆ ತಪ್ಪಾದದ್ದೂ ಒಳಗೆ ಹೋಗಿಬಿಡುತ್ತದೆ.

ತಂತಿಗಳಿಗೆ ಬಣ್ಣವಿದ್ದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪ್ರೊಸೆಸರ್ ಕೇಬಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಹಳದಿ, ನಾಲ್ಕು ಕಪ್ಪು. ಕೊಂಡಿಯಿರುವ ಬದಿಯಲ್ಲಿ ಹಳದಿ. ಕಾರ್ಡಿನ ಕೇಬಲಿನಲ್ಲಿ ಮೂರು ಹಳದಿ, ಐದು ಕಪ್ಪು. ಕೊಂಡಿಯ ಬದಿಯಲ್ಲಿ ಕಪ್ಪು. ಹಳದಿ ಎಂದರೆ 12 ವೋಲ್ಟ್, ಕಪ್ಪು ಎಂದರೆ ಗ್ರೌಂಡ್, ಅಂದರೆ ವಿದ್ಯುತ್ ಮರಳುವ ದಾರಿ. ಹಾಗಾಗಿ ಒಂದರ ಬದಲು ಇನ್ನೊಂದನ್ನು ಸಿಕ್ಕಿಸಿದಾಗ 12 ವೋಲ್ಟ್ ನೇರವಾಗಿ ಗ್ರೌಂಡಿಗೆ ತಗಲುತ್ತದೆ. ಎಸ್‌ಎಂಪಿಎಸ್ ಆ ಶಾರ್ಟನ್ನು ಗುರುತಿಸಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ತಾವು ಕಾಣುತ್ತಿರುವ ಅರೆಕ್ಷಣದ ತಿರುಗಾಟ ಅದೇ. ಅದು ಕೆಟ್ಟಿಲ್ಲ, ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ. ಎಲ್ಲ ತಂತಿಯೂ ಕಪ್ಪಾಗಿರುವ ಎಸ್‌ಎಂಪಿಎಸ್‌ಗಳಲ್ಲಿ ಕೇಬಲಿನ ತುದಿಯ ಮೇಲೆ ‘ಸಿಪಿಯು’ (ಪ್ರೊಸೆಸರಿನದು) ಅಥವಾ ‘ಪಿಸಿಐ-ಇ’ (ಕಾರ್ಡಿನದು) ಎಂದು ಅಚ್ಚಾಗಿರುವುದನ್ನು ಓದಿಕೊಳ್ಳಿ.

ವಿದ್ಯುತ್ ಸಾಲದಿದ್ದರೆ ಕಾಣುವ ಲಕ್ಷಣವೇ ಬೇರೆ. ಯಂತ್ರ ಶುರುವಾಗುವ ಹೊತ್ತಿನಲ್ಲಿ ಕಾರ್ಡ್ ಬಹಳ ಕಡಿಮೆ ವಿದ್ಯುತ್ ಎಳೆಯುತ್ತದೆ. ಹೊರೆ ಹೆಚ್ಚಾಗಿ ಎಸ್‌ಎಂಪಿಎಸ್ ಕೈಚೆಲ್ಲುವುದು ಸಾಮಾನ್ಯವಾಗಿ ಭಾರಿ ಆಟವೊಂದು ನಡೆಯುತ್ತಿರುವಾಗಲೇ ಹೊರತು ಗುಂಡಿ ಒತ್ತಿದ ಕೂಡಲೇ ಅಲ್ಲ. ಲೆಕ್ಕವೂ ತಮ್ಮ ಪರವಾಗಿಯೇ ಇದೆ. ಆರ್‌ಟಿಎಕ್ಸ್ 3060 ಕಾರ್ಡಿಗೆ ಬೇಕಾದದ್ದು 170 ವ್ಯಾಟ್. ಕಾರ್ಡ್ ಕೂರುವ ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್, ಎಂಟು ಪಿನ್ನಿನ ಒಂದು ಕೇಬಲಿನಿಂದ 150 ವ್ಯಾಟ್, ಒಟ್ಟು 225 ವ್ಯಾಟಿನವರೆಗೆ ಪಡೆಯಲು ಅದಕ್ಕೆ ದಾರಿಯಿದೆ. ಇಡೀ ಕಂಪ್ಯೂಟರಿಗೆ ತಯಾರಕರು ಸೂಚಿಸಿರುವುದು 550 ವ್ಯಾಟಿನ ಎಸ್‌ಎಂಪಿಎಸ್, ಅಂದರೆ ತಮ್ಮಲ್ಲಿರುವಷ್ಟೇ. ಒಂದನ್ನು ಮಾತ್ರ ನೋಡಿಕೊಳ್ಳಿ: ಎಸ್‌ಎಂಪಿಎಸ್ ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲಿನ ಎದುರು ಎಷ್ಟು ಆಂಪಿಯರ್ ಎಂದಿದೆ? ಅದನ್ನು 12ರಿಂದ ಗುಣಿಸಿ. 42 ಎಂದಿದ್ದರೆ 504 ವ್ಯಾಟ್ ಆಯಿತು, ಚಿಂತೆಯಿಲ್ಲ. 25 ಎಂದಿದ್ದರೆ ಬರೀ 300 ವ್ಯಾಟ್. ಆಗ ಚೀಟಿಯ ಮೇಲಿನ ದೊಡ್ಡ ಅಕ್ಷರಗಳನ್ನು ನಂಬುವಂತಿಲ್ಲ, ಪರಿಚಿತರ ಮಾತನ್ನು ಮರಳಿ ಯೋಚಿಸಬೇಕಾಗುತ್ತದೆ.

ಇನ್ನು ಮಾಡಬೇಕಾದ ಕೆಲಸ. ಹಿಂಬದಿಯ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲೆಂದು ಕ್ಯಾಬಿನೆಟ್ಟಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಆ ಕೇಬಲನ್ನು ಬಿಚ್ಚಿ. ಕಾರ್ಡಿನ ಪಿನ್ನುಗಳು ಬಾಗಿವೆಯೇ, ಪ್ಲಾಸ್ಟಿಕ್ ಕರಗಿದೆಯೇ, ಸುಟ್ಟ ವಾಸನೆಯಿದೆಯೇ ಎಂದು ಬೆಳಕಿನಲ್ಲಿ ನೋಡಿ. ಏನೂ ಇಲ್ಲದಿದ್ದರೆ ಕಾರ್ಡನ್ನು ಸ್ಲಾಟಿನಲ್ಲಿಟ್ಟು, ಕೇಬಲ್ ಹಾಕದೆಯೇ ಒಮ್ಮೆ ಚಾಲೂ ಮಾಡಿ. ಫ್ಯಾನುಗಳು ನಿಲ್ಲದೆ ತಿರುಗಿದರೆ, ಕಾರ್ಡಿಗೆ ವಿದ್ಯುತ್ ಕೇಬಲ್ ಜೋಡಿಸಿ ಎಂಬ ಸಂದೇಶ ಪರದೆಯ ಮೇಲೆ ಬಂದರಂತೂ, ತಪ್ಪು ಕೇಬಲಿನದೇ ಎಂದಾಯಿತು. ಮತ್ತೆ ಎಲ್ಲವನ್ನೂ ಆರಿಸಿ, ಆರು ಮತ್ತು ಎರಡರ ತುಂಡುಗಳನ್ನು ಒಟ್ಟಿಗೆ ಹಿಡಿದು, ಕೊಂಡಿ ‘ಟಕ್’ ಎನ್ನುವವರೆಗೆ ಸೇರಿಸಿ. ಸರಿಯಾದ ಕೇಬಲ್ ಕೂರುವಾಗ ಬಿಗಿಯಿರುತ್ತದೆ, ಜಗಳವಿರುವುದಿಲ್ಲ.

ಕೇಬಲುಗಳನ್ನು ಎಸ್‌ಎಂಪಿಎಸ್ ಬದಿಯಲ್ಲೂ ಬಿಚ್ಚಬಹುದಾದ ಬಗೆ ತಮ್ಮದಾಗಿದ್ದರೆ, ಅದರೊಂದಿಗೆ ಬಂದ ಕೇಬಲನ್ನೇ ಬಳಸಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಅದೇ ರಂಧ್ರಕ್ಕೆ ಕೂತರೂ ಒಳಗಿನ ಜೋಡಣೆ ಬೇರೆಯಿರಬಹುದು. ಸರಿಯಾದ ಕೇಬಲ್ ಹಾಕಿದ ಮೇಲೂ ಯಂತ್ರ ಆರಿದರೆ ಕಾರ್ಡನ್ನು ಬೇರೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ಅಲ್ಲಿಯೂ ಆರಿದರೆ ಕಾರ್ಡಿಗೆ ಪೆಟ್ಟಾಗಿದೆ ಎಂದೇ ತಿಳಿಯಬೇಕು.

ಪ್ರಶ್ನೆ: ಹೊಸ ಕಾರ್ಡ್ ಹಾಕಿದ ಮೇಲೆ ಫ್ಯಾನು, ದೀಪ ಎಲ್ಲವೂ ಸರಿಯಾಗಿವೆ, ಪರದೆಯಲ್ಲಿ ಮಾತ್ರ ‘ನೋ ಸಿಗ್ನಲ್’ ಎಂದು ಬರುತ್ತದೆ. ಏನು ಕಾರಣ?

ಉತ್ತರ: ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಯಲ್ಲೇ ಉಳಿದಿದೆಯೇ ನೋಡಿ, ಅದು ಹೊಸ ಕಾರ್ಡಿನ ಕಿಂಡಿಯಲ್ಲಿರಬೇಕು. ನಗಬೇಡಿ, ಇದೇ ಕಾರಣಕ್ಕೆ ನಾನೂ ಒಮ್ಮೆ ಅರ್ಧ ದಿನ ಕಳೆದಿದ್ದೇನೆ. ಅದು ಸರಿಯಿದ್ದರೆ, ಕೈ ತಾಗಿ ಸಡಿಲವಾಗಿರಬಹುದಾದ ರ‍್ಯಾಮನ್ನು ತೆಗೆದು ಮತ್ತೆ ಕೂರಿಸಿ. ಮದರ್‌ಬೋರ್ಡಿನಲ್ಲಿ ‘ವಿಜಿಎ’ ಎಂಬ ಪುಟ್ಟ ದೀಪ ಆರದೆ ಉರಿಯುತ್ತಿದ್ದರೆ ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಇಳಿದಿಲ್ಲ, ಇಲ್ಲವೇ ಯಂತ್ರವನ್ನು ಶುರುಮಾಡುವ ಮದರ್‌ಬೋರ್ಡಿನ ತಂತ್ರಾಂಶವಾದ ಹಳೆಯ ಬಯೋಸ್‌ಗೆ ಆ ಕಾರ್ಡನ್ನು ಎಬ್ಬಿಸಲು ಆಗುತ್ತಿಲ್ಲ. ಎರಡನೆಯದಾದರೆ ಹಳೆಯ ಕಾರ್ಡನ್ನೇ ಮರಳಿ ಹಾಕಿ, ಮದರ್‌ಬೋರ್ಡ್ ತಯಾರಕರು ಕೊಡುವ ಹೊಸ ಬಯೋಸ್ ಅಳವಡಿಸಿ, ಆಮೇಲೆ ಕಾರ್ಡ್ ಬದಲಿಸಿ. ಬಯೋಸ್ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಮದರ್‌ಬೋರ್ಡೇ ಏಳದಂತಾಗಬಹುದು. ಆದ್ದರಿಂದ ಯುಪಿಎಸ್ ಇದ್ದರೆ ಕಂಪ್ಯೂಟರನ್ನು ಮೊದಲು ಅದಕ್ಕೆ ಜೋಡಿಸಿಕೊಳ್ಳಿ.