ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಹಳೆಯ ಕುಕ್ಕೂ ಗಡಿಯಾರ (ಹಕ್ಕಿ ಹೊರಬಂದು ಕೂಗಿ ಗಂಟೆ ಹೇಳುವಂಥದ್ದು) ನೋಡಲು ಫುರ್ಟ್‌ವಾಂಗೆನ್ ಊರಿನ ಗಡಿಯಾರ ಮ್ಯೂಸಿಯಂಗೆ ಹೋಗಬೇಕಾ, ಟ್ರೀಬರ್ಗ್‌ನ ಅಂಗಡಿಗಳೇ ಸಾಕಾ?

ಕೊಳ್ಳುವುದಷ್ಟೇ ಆದರೆ ಟ್ರೀಬರ್ಗ್ ಸಾಕು. ಹಳೆಯವನ್ನು ನೋಡಬೇಕೆಂದರೆ ಫುರ್ಟ್‌ವಾಂಗೆನ್‌ಗೇ ಹೋಗಿ. ನಾನಂತೂ ಟ್ರೀಬರ್ಗ್‌ನ ಜಲಪಾತ ಬೇಕಾದರೆ ಬಿಟ್ಟೇನು, ಈ ಮ್ಯೂಸಿಯಂ ಬಿಡೆನು. ಅಲ್ಲಿಗೆ ರೈಲಿಲ್ಲ, ಟ್ರೀಬರ್ಗ್‌ನಿಂದ ಬಸ್ಸು ಹಿಡಿಯಬೇಕು. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಅಲ್ಲಿರುವುದು ಕುಕ್ಕೂ ಮಾತ್ರ ಅಲ್ಲ, ಎಲ್ಲ ಬಗೆಯ ಗಡಿಯಾರಗಳೂ ಇವೆ. ಊರಿನ ಗಡಿಯಾರ ತಯಾರಿಕೆ ಕಲಿಸುವ ಶಾಲೆಯ ಮೊದಲ ಮುಖ್ಯಸ್ಥ ರೋಬರ್ಟ್ ಗೆರ್ವಿಗ್ 1852ರಲ್ಲಿ ಈ ಸಂಗ್ರಹ ಶುರುಮಾಡಿದರು. ನೀವು ಟ್ರೀಬರ್ಗ್‌ಗೆ ಬರುವ ಬೆಟ್ಟದ ರೈಲು ಮಾರ್ಗ ಕಟ್ಟಿದವರೂ ಇವರೇ!

ಮನೆಯಾಕಾರದ ಕುಕ್ಕೂ ಗಡಿಯಾರ ಮೊದಲಿನಿಂದ ಇದ್ದದ್ದಲ್ಲ. ಮುಂಚೆ ಇದ್ದದ್ದು ಹೂ ಬರೆದ ಮರದ ಹಲಗೆ, ಅದರ ಹಿಂದೆ ಮರದ್ದೇ ಹಲ್ಲುಚಕ್ರಗಳು. 1850ರಲ್ಲಿ ಗೆರ್ವಿಗ್ ಹೊಸ ವಿನ್ಯಾಸಕ್ಕೆ ಸ್ಪರ್ಧೆ ಇಟ್ಟರು. ರೈಲ್ವೆ ಕಟ್ಟಡಗಳ ವಾಸ್ತುಶಿಲ್ಪಿ ಫ್ರೀಡ್ರಿಷ್ ಐಸೆನ್‌ಲೋರ್, ರೈಲು ಹಳಿ ಕಾಯುವವನ ಪುಟ್ಟ ಮನೆಗೇ ಗಡಿಯಾರದ ಮುಖ ಕೂರಿಸಿ ಕಳಿಸಿದರು. ಪೈನ್ ಕಾಯಿಯಂಥ ತೂಕದ ಗುಂಡು, ಜಿಂಕೆ ತಲೆ ಎಲ್ಲ ಆಮೇಲೆ ಸೇರಿಕೊಂಡವು. ಅಂದಹಾಗೆ, ಶೋನ್‌ವಾಲ್ಡ್‌ನ ಫ್ರಾಂಜ್ ಕೆಟೆರರ್ 1730ರ ಸುಮಾರಿಗೆ ಕುಕ್ಕೂ ಗಡಿಯಾರ ಕಂಡುಹಿಡಿದ ಅಂತ ಯಾರಾದರೂ ಕಥೆ ಹೇಳಿದರೆ ಸುಮ್ನೆ ತಲೆಯಾಡಿಸಿ, ನಂಬಬೇಡಿ. ಸ್ಯಾಕ್ಸನಿಯ ದೊರೆಯ ಬಳಿ ಇದ್ದ ಕುಕ್ಕೂ ಗಡಿಯಾರವನ್ನು ಕಲಾವಸ್ತುಗಳ ವ್ಯಾಪಾರಿ ಫಿಲಿಪ್ ಹೈನ್‌ಹೋಫರ್ 1629ರಲ್ಲೇ ವರ್ಣಿಸಿದ್ದಾನೆ.

ಒಳಭಾಗ ಕಾಣುವ ಗಡಿಯಾರ ಸಿಕ್ಕರೆ ಅಲ್ಲೇ ನಿಲ್ಲಿ. ಕೂಗುವುದು ಹಕ್ಕಿಯಲ್ಲ, ಅಕ್ಕಪಕ್ಕದ ಎರಡು ಮರದ ಕೊಳವೆಗಳು. ಒಂದೊಂದರ ನೆತ್ತಿಯ ಮೇಲೂ ಹಾರ್ಮೋನಿಯಂ ತಿದಿಯ ಮರಿಯಂತೆ ಪುಟ್ಟ ತಿದಿ. ತಂತಿ ಅದನ್ನು ಎತ್ತಿ ಬಿಡುತ್ತದೆ. ತಿದಿ ಕುಸಿದಾಗ ಗಾಳಿ ಕೊಳವೆಗೆ ನುಗ್ಗಿ ಒಂದರಿಂದ ಏರು ಸ್ವರ, ಇನ್ನೊಂದರಿಂದ ತಗ್ಗು ಸ್ವರ. ತಿದಿ ಏಳುವಾಗ ಅದರ ಮೇಲಿನ ತಂತಿ ಹಕ್ಕಿಯ ಬಾಲ ಎತ್ತುತ್ತದೆ. ಅದಕ್ಕೇ ಕೂಗುವಾಗ ಹಕ್ಕಿ ತಲೆ ಬಾಗಿಸುವುದು. ನನಗೆ ಹೊರಗಿನ ಕೆತ್ತನೆಗಿಂತ ಇದೇ ಜಾಸ್ತಿ ಇಷ್ಟ.

ಕೊಳ್ಳುವುದಿದ್ದರೆ ಇದನ್ನೆಲ್ಲ ನೋಡಿದ ಮೇಲೆ ಕೊಳ್ಳಿ. ಅಂಗಡಿಗಳಲ್ಲಿ ಬ್ಯಾಟರಿಯವೂ ಇರುತ್ತವೆ, ಅವುಗಳದ್ದು ರೆಕಾರ್ಡ್ ಮಾಡಿದ ಕೂಗು. ಒಳಗೆ ತಿದಿ ಇದೆಯಾ ನೋಡಲು ಹಿಂದಿನ ಹಲಗೆ ತೆಗೆದು ತೋರಿಸಿ ಅಂತ ಕೇಳಿ. ತೂಕದ ಗುಂಡು ನೇತಾಡುವ ಸರಪಳಿಯದ್ದಾದರೆ, ಒಮ್ಮೆ ಎಳೆದರೆ ಒಂದು ದಿನ ಓಡುವುದಾ, ಎಂಟು ದಿನ ಓಡುವುದಾ ವಿಚಾರಿಸಿ. ಒಂದು ದಿನದ್ದು ಅಗ್ಗ, ಆದರೆ ದಿನಾ ಸರಪಳಿ ಎಳೆಯಬೇಕು. ರಾತ್ರಿ ಕೂಗು ನಿಲ್ಲಿಸುವ ಕಡ್ಡಿ ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಮನೆಯವರು ನಿಮ್ಮನ್ನು ಬೈಯುತ್ತಾರೆ.