ಮಕ್ಕಳನ್ನು ಕಂಡರೆ ನಡುಗುವ ನಾಯಿಯನ್ನು ಕೇರಳದ ಕಾಸರಗೋಡು ಜಿಲ್ಲೆಯ ಬೇಕಲದ ಕಡಲ ಬದಿಗೆ ಕರೆದೊಯ್ಯಬಹುದೇ?

ಕರೆದೊಯ್ಯಬಹುದು. ಆದರೆ ಭಾನುವಾರ ಸಂಜೆ ಬೇಡವೇ ಬೇಡ, ಆಗ ಮಕ್ಕಳ ಓಟ, ಕಿರುಚಾಟ ಜಾಸ್ತಿ. ವಾರದ ದಿನ ಬೆಳಿಗ್ಗೆ ಬೇಗ ಹೋಗಿ. ಮಕ್ಕಳು ಕಾಣಬೇಕು, ಆದರೂ ನಾಯಿ ನಿರಾಳವಾಗಿ ತಿನ್ನುವಷ್ಟು ದೂರ ನಿಲ್ಲಿ. ಮಗು ಕಂಡ ಕೂಡಲೇ ಬೇಯಿಸಿದ ಕೋಳಿಯ ಚೂರು ಕೊಡಿ. ಮೊದಲು ಮಗು, ಆಮೇಲೆ ತಿಂಡಿ. ಈ ಕ್ರಮ ತಪ್ಪಬಾರದು. ದೂರವನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಿ.

ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಬಾಲ ಮುದುರುವುದು ಹೆದರಿಕೆಯ ಗುರುತು. ಕಂಡರೆ ಹಿಂದೆ ಸರಿಯಿರಿ. ಗುರುಗುಟ್ಟಿದರೆ ದಯವಿಟ್ಟು ಗದರಬೇಡಿ. ಅದು ಪಾಪ, ಎಚ್ಚರಿಕೆ ಕೊಡುತ್ತಿದೆ. ಗದರಿ ಅಡಗಿಸಿದರೆ ಮುಂದೆ ಸದ್ದಿಲ್ಲದೆ ಕಚ್ಚಬಹುದು.

ಮುಟ್ಟಲು ಓಡಿಬರುವ ಮಕ್ಕಳಿಗೆ "ಮುಟ್ಟಬೇಡಿ ಮಕ್ಕಳೇ, ಇದಕ್ಕೆ ಹೆದರಿಕೆ" ಎನ್ನಲು ಸಂಕೋಚ ಬೇಡ. ಅಲ್ಲಿ ಮಲಯಾಳವೇ ಜಾಸ್ತಿ ಅಲ್ವಾ, "ತೊಡಲ್ಲೇ" ಎಂದರೂ ಸಾಕು.