ಆಟಗಾರರಿಗೆ ಬಿಗಿ ಕೋಚ್ ಬೇಕಾ, ಸಲಿಗೆಯ ಕೋಚ್ ಬೇಕಾ?

ಉಡುಪಿ ಕಡೆಯ ಯುವಕ ಮಂಡಲದ ಕಬಡ್ಡಿ ತಂಡಕ್ಕೆ ಹೊಸದಾಗಿ ಕೋಚ್ ಆಗಿದ್ದೀರಿ. ಬಿಗಿ ಮಾಡಿದರೆ ಹುಡುಗರು ಬರುವುದಿಲ್ಲ, ಸಲಿಗೆ ಕೊಟ್ಟರೆ ಮಾತು ಕೇಳುವುದಿಲ್ಲ, ಆಟಗಾರರಿಗೆ ಎಂಥ ಕೋಚ್ ಇಷ್ಟ ಎಂದು ಕೇಳಿದ್ದೀರಿ. ನಾನು ಮಂಗಳೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದವನು, ಸಂಜೆ ಹೊತ್ತು ಕಬಡ್ಡಿ ತಂಡ ನೋಡಿಕೊಳ್ಳುತ್ತೇನೆ.

ಆಟಗಾರರಿಗೆ ಮೊದಲು ಬೇಕಾದದ್ದು ಆಟ ಹೇಳಿಕೊಡುವವನು. ಬಿಗಿ, ಸಲಿಗೆ ಎಲ್ಲ ಆಮೇಲೆ. ಇದನ್ನು ಅಳೆಯಲು ಒಂದು ಪ್ರಶ್ನಾವಳಿಯೇ ಇದೆ, ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಮಾಡಿದವರು ಓದಿರುತ್ತಾರೆ. ಭಾರತ ಮೂಲದ ಕ್ರೀಡಾ ಸಂಶೋಧಕ ಚೆಲ್ಲದುರೈ ಅವರು ಸಾಲೇಹ್ ಎಂಬವರ ಜೊತೆ 1980ರಲ್ಲಿ ಪ್ರಕಟಿಸಿದ್ದು. ಅದರಲ್ಲಿರುವ 40 ಹೇಳಿಕೆಗಳು ಕೋಚ್‌ನ ಐದು ಗುಣಗಳನ್ನು ನೋಡುತ್ತವೆ: ಆಟ ಕಲಿಸುವುದು, ಆಟಗಾರರನ್ನು ಕೇಳಿ ನಿರ್ಧರಿಸುವುದು, ತಾನೊಬ್ಬನೇ ನಿರ್ಧರಿಸುವುದು, ಕಷ್ಟಸುಖ ವಿಚಾರಿಸುವುದು, ಚೆನ್ನಾಗಿ ಆಡಿದಾಗ ಶಹಬ್ಬಾಸ್ ಹೇಳುವುದು. ಬೇರೆ ಬೇರೆ ದೇಶಗಳಲ್ಲಿ ಆಟಗಾರರನ್ನು ಕೇಳಿದಾಗ ಸಾಮಾನ್ಯವಾಗಿ ಮೇಲೆ ಬರುವುದು ಕಲಿಸುವುದು ಮತ್ತು ಶಹಬ್ಬಾಸ್. ತಳದಲ್ಲಿ ಉಳಿಯುವುದು 'ನಾನು ಹೇಳಿದ್ದೇ ಆಗಬೇಕು' ಎನ್ನುವ ರೀತಿ.

ಕಬಡ್ಡಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಕಾರ್ನರ್‌ನವನು (ಅಂಚಿನಲ್ಲಿ ನಿಲ್ಲುವವನು) ಅವಸರದಲ್ಲಿ ದಾಳಿಗೆ ಬಂದ ರೈಡರ್‌ನ ಆಂಕಲ್‌ಗೆ, ಅಂದರೆ ಪಾದದ ಗಂಟಿಗೆ ಬಿದ್ದ, ಕವರ್‌ನವನು (ಅವನಿಗಿಂತ ಒಳಗೆ ನಿಲ್ಲುವವನು) ಇನ್ನೂ ದಾರಿ ಮುಚ್ಚಿಲ್ಲ ಅಂದರೆ ಪಾಯಿಂಟ್ ಹೋಯಿತು. ಅವನ ಕೆಲಸ ಮಾತ್ರ ಅವನಿಗೆ ಗೊತ್ತಿದ್ದರೆ ಸಾಲದು, ಪಕ್ಕದವನದ್ದೂ ಗೊತ್ತಿರಬೇಕು. ಆಗ ಹೊರಗಿನಿಂದ "ಸರಿ ಹಿಡಿಯಿರಿ ಮಾರಾಯ್ರೆ!" ಎಂದು ಕಿರುಚಿದರೆ ಯಾರಿಗೆ ಏನು ತಿಳಿಯಬೇಕು? "ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ ಮೇಲೆ ನೀನು ಬೀಳು, ಆ ಹೊತ್ತಿಗೆ ನೀನು ಕವರ್ ಮುಚ್ಚು" ಎಂದು ಹೇಳಿ. ಸ್ವರ ಸ್ವಲ್ಪ ಗಡುಸಾದರೂ ಬೇಜಾರು ಮಾಡುವುದಿಲ್ಲ.

ಹಾಗೆಂದು ಎಲ್ಲವನ್ನೂ ಕೇಳಿಯೇ ಮಾಡಲು ಆಗುವುದಿಲ್ಲ. 30 ಸೆಕೆಂಡಿನ ಟೈಮ್ ಔಟ್‌ನಲ್ಲಿ ಚರ್ಚೆಗೆ ಕೂತರೆ ಮುಗಿಯಿತು. ಡು ಆರ್ ಡೈ ರೈಡ್‌ಗೆ (ಪಾಯಿಂಟ್ ತರದಿದ್ದರೆ ರೈಡರ್ ಔಟಾಗುವ ದಾಳಿಗೆ) ಯಾರು, ಮೂವರೇ ಉಳಿದಾಗ ಹೇಗೆ ನಿಲ್ಲಬೇಕು ಎನ್ನುವುದನ್ನು ಅಭ್ಯಾಸದ ಸಂಜೆಯೇ ಎಲ್ಲರೂ ಕೂತು ಮಾತಾಡಿ ಇಟ್ಟುಕೊಳ್ಳಿ. ಪಂದ್ಯದ ದಿನ ನೀವು ಆಜ್ಞೆ ಮಾಡಿದಂತೆ ಹೇಳಿದರೂ ಅದು ಅವರದೇ ತೀರ್ಮಾನ.

ಇನ್ನು, ಅವರು ಬರುವುದು ಯಾಕೆ ಎಂದು ಒಬ್ಬೊಬ್ಬರನ್ನೇ ಕೇಳಿದ್ದೀರಾ? ನನ್ನ ಕಾಲೇಜಿನ ಹುಡುಗಿಯರಿಗೆ ಕ್ರೀಡಾ ಕೋಟಾದ ಸೀಟು, ಹಾಸ್ಟೆಲ್ ದೊಡ್ಡ ಸಂಗತಿ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಾಟ್ನಾದಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, ಅವರಂತಾಗುವ ಆಸೆಯೂ ಇದೆ. ಇದನ್ನು ಹಣದಾಸೆ, ಕೆಲಸದಾಸೆ ಎಂದು ಹೀಗಳೆಯುವ ಕೋಚ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ತಿಂಗಳ ಸಂಬಳ ಬರುತ್ತದಲ್ಲ! ಆದರೆ ನಿಮ್ಮ ಹುಡುಗರಿಗೆ ಸೀಟೂ ಇಲ್ಲ, ಹಾಜರಿಯೂ ಇಲ್ಲ. ಊರಿನ ಹೆಸರು, ಗೆಳೆಯರ ಗುಂಪು, ಹೊನಲು ಬೆಳಕಿನ ಪಂದ್ಯಾಟದಲ್ಲಿ ಆಡುವ ಖುಷಿ, ಇಷ್ಟೇ. ಮನಸ್ಸಿದ್ದರೆ ಬಂದಾರು. ಹಾಗಾಗಿ ಜನರೆದುರು ಒಬ್ಬನ ಮಾನ ಕಳೆದರೆ ಅವನ ಜೊತೆ ಇನ್ನಿಬ್ಬರು ಬರುವುದನ್ನೇ ನಿಲ್ಲಿಸುತ್ತಾರೆ. ತಪ್ಪಿದ್ದರೆ ಬದಿಗೆ ಕರೆದು ಹೇಳಿ. ಮಲ್ಪೆ ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ದುಡಿಯುವವನು ದಿನಾ ಐದಕ್ಕೆ ಬರಲಾರ, ಅವನಿಗೆ ಹೊತ್ತು ಬೇರೆ ಇಡಿ. ನಿಮ್ಮನ್ನು ಅಣ್ಣ ಎಂದು ಕರೆಯುತ್ತಾರಾದರೆ ಅಷ್ಟಾದರೂ ಮಾಡಬೇಕಲ್ಲ? ಬಿಗಿ ಬೇಕಾದದ್ದು ಒಂದೆರಡು ಕಡೆ ಮಾತ್ರ: ವಾರ್ಮ್ ಅಪ್ ತಪ್ಪಿಸಿದವನು ಅಂಕಣಕ್ಕಿಳಿಯಬಾರದು, ಅಂಪೈರ್ ಜೊತೆ ಜಗಳಕ್ಕೆ ಹೋಗಬಾರದು. ಅದು ನಾಯಕನಿಗೂ ಅನ್ವಯಿಸಲಿ.

ಮೊದಲು ಬರುವುದನ್ನು ನಿಲ್ಲಿಸುವವರು ಯಾರು ಎಂದು ಗಮನಿಸಿ. ಬಹುಪಾಲು ಬದಲಿ ಆಟಗಾರರು. 12 ಜನರ ತಂಡದಲ್ಲಿ ಏಳು ಮಂದಿ ಒಳಗೆ, ಐವರು ಸುಮ್ಮನೆ ಹೊರಗೆ. ಎದುರಾಳಿ ರೈಡರ್ ಯಾವ ಬದಿಯಿಂದ ಶುರು ಮಾಡುತ್ತಾನೆ, ದಣಿದಾಗ ಯಾವ ಕಾಲು ಹಿಂದೆ ಉಳಿಯುತ್ತದೆ ಎಂದು ನೋಡುವ ಕೆಲಸ ಅವರಿಗೆ ಕೊಡಿ. ಟೈಮ್ ಔಟ್‌ನಲ್ಲಿ ನಿಮಗಿಂತ ಮೊದಲು ಅವರು ಹೇಳಲಿ.